ವೈದ್ಯರ ಮೇಲೆ ದಾವೆ: ಬಡ ರೋಗಿಗೆ ಎಲ್ಲಿ ಎಷ್ಟು ಖರ್ಚು, ಅದನ್ನು ತಗ್ಗಿಸುವುದು ಹೇಗೆ

ಚಿಕಿತ್ಸೆಯಲ್ಲಿ ಎಡವಟ್ಟಾಗಿ ಕಾಲು ಕಳೆದುಕೊಂಡವರು, ಮನೆಯವರನ್ನು ಕಳೆದುಕೊಂಡವರು ಕೇಸು ಹಾಕಲು ಹಿಂಜರಿಯುವುದು ಹೆಚ್ಚಾಗಿ ಒಂದೇ ಮಾತಿಗೆ: ‘ಕೋರ್ಟಿಗೆ ಸುರಿಯಲು ದುಡ್ಡೆಲ್ಲಿದೆ?’ ಈ ಭಯದಲ್ಲಿ ಅರ್ಧ ನಿಜವಿದೆ, ಅರ್ಧ ತಪ್ಪು ತಿಳಿವಳಿಕೆ ಇದೆ. ಭಾರತದಲ್ಲಿ ವೈದ್ಯಕೀಯ ನಿರ್ಲಕ್ಷ್ಯಕ್ಕೆ ಪರಿಹಾರ ಕೇಳಲು ಒಂದಕ್ಕಿಂತ ಹೆಚ್ಚು ಕಡೆ ಅವಕಾಶವಿದೆ. ಒಂದು ಕಡೆ ಶುಲ್ಕ ಸೊನ್ನೆ, ಇನ್ನೊಂದು ಕಡೆ ಅದೇ ಮೊತ್ತದ ಪರಿಹಾರಕ್ಕೆ ಲಕ್ಷ ರೂಪಾಯಿ. ನಿಮ್ಮ ಪಾಲಿಗೆ ಯಾವುದು ಎಂಬುದು ನೀವೆಷ್ಟು ಬಡವರು ಎಂಬುದರ ಮೇಲೆ ನಿಂತಿಲ್ಲ, ಆಸ್ಪತ್ರೆ ಚಿಕಿತ್ಸೆಗೆ ಹಣ ಪಡೆಯುತ್ತದೆಯೇ ಎಂಬುದರ ಮೇಲೆ ನಿಂತಿದೆ. ಹಣ ಕೊಟ್ಟು ಚಿಕಿತ್ಸೆ ಪಡೆದವರಿಗೆ ಅಗ್ಗದ ಗ್ರಾಹಕ ಆಯೋಗ. ಕೈಯಲ್ಲಿ ಏನೂ ಇಲ್ಲದೆ ಪೂರ್ತಿ ಉಚಿತ ಆಸ್ಪತ್ರೆಗೆ ಹೋದವರಿಗೆ ದುಬಾರಿ ಸಿವಿಲ್ ಕೋರ್ಟು. ಈ ವ್ಯವಸ್ಥೆಯ ದೊಡ್ಡ ಅನ್ಯಾಯ ಇದೇ. ಅದನ್ನು ದಾಟುವ ದಾರಿಗಳೂ ಕಾನೂನಿನಲ್ಲೇ ಇವೆ. ಆದರೆ ಅವುಗಳನ್ನು ಯಾರೂ ತಾವಾಗಿ ಬಂದು ಹೇಳುವುದಿಲ್ಲ.

ಗ್ರಾಹಕ ಆಯೋಗದ ಶುಲ್ಕ

1995ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ಪ್ರಕರಣದಲ್ಲಿ, ಹಣ ಪಡೆದು ನೀಡುವ ಚಿಕಿತ್ಸೆಯೂ ಗ್ರಾಹಕ ಕಾಯ್ದೆ ಹೇಳುವ ಸೇವೆಯೇ ಎಂದು ತೀರ್ಮಾನಿಸಿತು. 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂದಾಗ, ಅದರಲ್ಲಿ ಆರೋಗ್ಯ ಸೇವೆಯ ಹೆಸರೇ ಇಲ್ಲ, ಆದ್ದರಿಂದ ವೈದ್ಯರು ಹೊರಗೆ ಎಂಬ ವಾದ ಎದ್ದಿತು. ಬಾಂಬೆ ಹೈಕೋರ್ಟು 2021ರಲ್ಲಿ ಅದನ್ನು ತಳ್ಳಿಹಾಕಿತು, 2022ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಆಸ್ಪತ್ರೆಯ ವಕೀಲರು ಈಗಲೂ ಈ ತಕರಾರು ತೆಗೆದರೆ ಗಾಬರಿಯಾಗಬೇಕಿಲ್ಲ.

ಶುಲ್ಕದ ಲೆಕ್ಕ ಬಹಳ ಜನರಿಗೆ ಗೊತ್ತಿಲ್ಲ. ಹಳೆಯ 1986ರ ಕಾಯ್ದೆಯಲ್ಲಿ ನೀವು ಕೇಳುವ ಪರಿಹಾರವೂ ಲೆಕ್ಕಕ್ಕೆ ಸೇರುತ್ತಿತ್ತು. ಈಗ ನೋಡುವುದು ನೀವು ಆಸ್ಪತ್ರೆಗೆ ಕೊಟ್ಟ ಹಣವನ್ನು ಮಾತ್ರ. ಕೊಟ್ಟದ್ದು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. 5ರಿಂದ 10 ಲಕ್ಷಕ್ಕೆ 200 ರೂಪಾಯಿ, 10ರಿಂದ 20 ಲಕ್ಷಕ್ಕೆ 400, 20ರಿಂದ 50 ಲಕ್ಷಕ್ಕೆ 1,000. ಆಸ್ಪತ್ರೆಗೆ 3 ಲಕ್ಷ ಕಟ್ಟಿದವರು ಕಾಲು ಹೋದದ್ದಕ್ಕೆ 40 ಲಕ್ಷ ಪರಿಹಾರ ಕೇಳಿದರೂ ಕಟ್ಟಬೇಕಾದ ಶುಲ್ಕ ಸೊನ್ನೆ. ಯಾವ ಆಯೋಗಕ್ಕೆ ಹೋಗಬೇಕು ಎಂಬುದಕ್ಕೂ ಇದೇ ಅಳತೆ: ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿಯವರೆಗೆ ರಾಜ್ಯ ಆಯೋಗ, ಅದರಾಚೆಗೆ ರಾಷ್ಟ್ರೀಯ ಆಯೋಗ. ಕೊಟ್ಟ ಹಣವನ್ನೇ ಅಳತೆಯಾಗಿ ಇಟ್ಟುಕೊಂಡದ್ದು ಸರಿ ಎಂದು ಸುಪ್ರೀಂ ಕೋರ್ಟು 2025ರಲ್ಲಿ ಹೇಳಿದೆ. ಎಡವುವುದು ಇಲ್ಲೇ. ಹಳೆಯ ಅಭ್ಯಾಸದವರು ‘60 ಲಕ್ಷ ಕೇಳುತ್ತಿದ್ದೀರಿ, ರಾಜ್ಯ ಆಯೋಗಕ್ಕೇ ಹೋಗಬೇಕು’ ಎಂದು ಬೆಂಗಳೂರಿಗೆ ಕಳಿಸುತ್ತಾರೆ, ಅಲ್ಲಿ ದೂರು ವಾಪಸಾಗುತ್ತದೆ, ಓಡಾಟದ ಖರ್ಚು ಮೈಮೇಲೆ ಬರುತ್ತದೆ. ದೂರಿನಲ್ಲಿ ‘ಸೇವೆಗಾಗಿ ಪಾವತಿಸಿದ ಮೊತ್ತ ಇಷ್ಟು’ ಎಂದು ಪ್ರತ್ಯೇಕ ಪ್ಯಾರಾ ಬರೆದು ರಸೀದಿಗಳನ್ನು ಲಗತ್ತಿಸಿ.

ಬಡವರಿಗೆ ನೆರವಾದ ಇನ್ನೊಂದು ಬದಲಾವಣೆಯೂ 2019ರ ಕಾಯ್ದೆಯಲ್ಲಿದೆ. ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಆಪರೇಷನ್ ಬೆಂಗಳೂರಿನಲ್ಲಾಗಿದ್ದರೂ ರಾಯಚೂರಿನವರು ರಾಯಚೂರಿನ ಆಯೋಗಕ್ಕೇ ಹೋಗಬಹುದು, ಬರಬೇಕಾದ್ದು ಆಸ್ಪತ್ರೆ. ಆನ್‌ಲೈನ್‌ನಲ್ಲಿ ಇ-ಜಾಗೃತಿ ಪೋರ್ಟಲ್ ಮೂಲಕವೂ ದೂರು ದಾಖಲಿಸಬಹುದು, ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಲು ಅನುಮತಿ ಕೇಳಬಹುದು. ದಿನಗೂಲಿ ಬಿಟ್ಟು ಬರುವವರಿಗೆ ಇದು ಶುಲ್ಕ ವಿನಾಯಿತಿಗಿಂತ ದೊಡ್ಡ ಉಳಿತಾಯ.

ನಾನು ಗ್ರಾಹಕನೇ?

ವಿ.ಪಿ. ಶಾಂತಾ ತೀರ್ಪು ಆಸ್ಪತ್ರೆಗಳನ್ನು ಮೂರು ಬಗೆಯಾಗಿ ವಿಂಗಡಿಸಿತು. ಎಲ್ಲರಿಂದಲೂ ಹಣ ಪಡೆಯುವ ಆಸ್ಪತ್ರೆ ಕಾಯ್ದೆಯೊಳಗೆ. ಯಾರಿಂದಲೂ ಹಣ ಪಡೆಯದ ಆಸ್ಪತ್ರೆ ಹೊರಗೆ. ಹೊರರೋಗಿ ಚೀಟಿಗೆ ತೆಗೆದುಕೊಳ್ಳುವ ಚಿಲ್ಲರೆ ನೋಂದಣಿ ಹಣ ಇಲ್ಲಿ ಲೆಕ್ಕಕ್ಕಿಲ್ಲ. ಕೆಲವರಿಂದ ಹಣ ಪಡೆದು ಉಳಿದವರಿಗೆ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಯೂ ಕಾಯ್ದೆಯೊಳಗೆ ಬರುತ್ತದೆ, ಮತ್ತು ಅಲ್ಲಿ ಉಚಿತ ಚಿಕಿತ್ಸೆ ಪಡೆದ ರೋಗಿಯೂ ಗ್ರಾಹಕನೇ. ಬಡವರು ನೆನಪಿಡಬೇಕಾದ ಸಾಲು ಇದು. ಖಾಸಗಿ ಆಸ್ಪತ್ರೆಯ ಉಚಿತ ಹಾಸಿಗೆಯಲ್ಲಿ ಮಲಗಿದವರಿಗೆ ಇದು ಅನ್ವಯಿಸುತ್ತದೆ. ಸರ್ಕಾರಿ ಆಸ್ಪತ್ರೆಗೂ ಇದೇ ತರ್ಕ: ವಿಶೇಷ ವಾರ್ಡಿಗೆ, ಸ್ಕ್ಯಾನಿಗೆ, ಆಪರೇಷನ್ನಿಗೆ ಬಿಪಿಎಲ್ ಅಲ್ಲದವರಿಂದ ಬಳಕೆದಾರರ ಶುಲ್ಕ ಪಡೆಯುತ್ತಿದ್ದರೆ ಅದು ಮೂರನೆಯ ಬಗೆಯದು ಎಂದು ವಾದಿಸಲು ಆಧಾರವಿದೆ. ಚಿಕಿತ್ಸೆಯ ಹಣವನ್ನು ವಿಮಾ ಕಂಪನಿ ಅಥವಾ ಕೆಲಸ ಕೊಟ್ಟವರು ಕಟ್ಟಿದ್ದರೂ ರೋಗಿ ಗ್ರಾಹಕನೇ. ಕಾರ್ಮಿಕರ ರಾಜ್ಯ ವಿಮೆಯ (ಇಎಸ್‌ಐ) ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದ ಕಾರ್ಮಿಕರೂ ಗ್ರಾಹಕರು ಎಂದು 2007ರಲ್ಲಿ ತೀರ್ಪಾಗಿದೆ.

ಹಾಗಾಗಿ ಸರ್ಕಾರಿ ಆಸ್ಪತ್ರೆಯ ವಿರುದ್ಧ ಹೊರಡುವ ಮೊದಲು ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ‘ಇಂಥ ವರ್ಷ ಈ ಆಸ್ಪತ್ರೆಯಲ್ಲಿ ಯಾವ ಯಾವ ಸೇವೆಗೆ ಎಷ್ಟು ಶುಲ್ಕ ನಿಗದಿಯಾಗಿತ್ತು, ಒಟ್ಟು ಎಷ್ಟು ಸಂಗ್ರಹವಾಯಿತು’ ಎಂದು ಕೇಳಿದರೆ ಸಾಕು. ಅರ್ಜಿ ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದರೆ ಅದೂ ಇಲ್ಲ, ಉತ್ತರಕ್ಕೆ 30 ದಿನ. ಈ ಒಂದು ಉತ್ತರ ಕೈಗೆ ಬಂದರೆ ಸಿವಿಲ್ ಕೋರ್ಟಿನ ಲಕ್ಷ ರೂಪಾಯಿ ಉಳಿಯಬಹುದು.

ಶುಲ್ಕ ಸೊನ್ನೆಯಾದರೂ ಹಣ ಸೋರುವ ಜಾಗಗಳು

ಗ್ರಾಹಕ ಆಯೋಗದಲ್ಲಿ ಬಡವರು ಸೋಲುವುದು ಶುಲ್ಕದಿಂದಲ್ಲ, ದಾಖಲೆ ಮತ್ತು ತಜ್ಞರ ಅಭಿಪ್ರಾಯ ಇಲ್ಲದೆ. ಹೆಚ್ಚಿನವರ ಕೈಯಲ್ಲಿರುವುದು ಡಿಸ್ಚಾರ್ಜ್ ಸಮ್ಮರಿ ಮಾತ್ರ. ಅದು ಆಸ್ಪತ್ರೆ ಕೊನೆಗೆ ಬರೆದುಕೊಟ್ಟ ಸಾರಾಂಶ. ತಪ್ಪು ಯಾವ ಗಂಟೆಗೆ, ಯಾರ ಕೈಯಲ್ಲಿ ಆಯಿತು ಎಂಬುದು ಅದರಲ್ಲಿ ಸಿಗುವುದಿಲ್ಲ. ಬೇಕಾದ್ದು ಪೂರ್ತಿ ಕೇಸ್ ಶೀಟ್: ದಿನದಿನದ ವೈದ್ಯರ ಟಿಪ್ಪಣಿ, ನರ್ಸುಗಳ ದಾಖಲೆ, ಔಷಧ ಕೊಟ್ಟ ಚಾರ್ಟ್, ಆಪರೇಷನ್ ಟಿಪ್ಪಣಿ, ಅರಿವಳಿಕೆ ದಾಖಲೆ, ಸಹಿ ಮಾಡಿಸಿಕೊಂಡ ಒಪ್ಪಿಗೆ ಪತ್ರ, ಲ್ಯಾಬ್ ವರದಿ, ಸ್ಕ್ಯಾನ್ ಫಿಲಂ. 2002ರ ವೈದ್ಯಕೀಯ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು, ರೋಗಿ ಅಥವಾ ಅವರ ಪರವಾದವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಿಮಾತಿನಲ್ಲಿ ಕೇಳಬೇಡಿ. ಬೇಕಾದ ದಾಖಲೆಗಳ ಹೆಸರನ್ನು ಒಂದೊಂದಾಗಿ ಬರೆದ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಕೇಳಿಯೂ ಕೊಡಲಿಲ್ಲ ಎಂಬುದಕ್ಕೆ ಇರುವ ಆ ಚೀಟಿ ಮುಂದೆ ಆಸ್ಪತ್ರೆಯ ವಿರುದ್ಧವೇ ಸಾಕ್ಷ್ಯವಾಗುತ್ತದೆ. ಸರ್ಕಾರಿ ಆಸ್ಪತ್ರೆಯಾದರೆ ಕೇಸ್ ಶೀಟಿನ ಪ್ರತಿಯನ್ನೂ ಮಾಹಿತಿ ಹಕ್ಕಿನಡಿ ಕೇಳಬಹುದು.

ಇದನ್ನು ಚಿಕಿತ್ಸೆ ಮುಗಿದ ಮೊದಲ ವಾರಗಳಲ್ಲೇ ಮಾಡುವುದು ಒಳ್ಳೆಯದು. ನೋಟಿಸು ಹೋದ ಮೇಲೆ ಸಿಗುವ ದಾಖಲೆಯಲ್ಲಿ ಹೊಸ ಶಾಯಿಯ ಸಾಲುಗಳು ಸೇರಿರುವ ಅಪಾಯ ಇದ್ದೇ ಇದೆ.

ತಜ್ಞರ ಅಭಿಪ್ರಾಯ ಇದಕ್ಕಿಂತ ಕಠಿಣ. ಒಬ್ಬ ವೈದ್ಯರ ವಿರುದ್ಧ ಬರೆದುಕೊಡಲು ಇನ್ನೊಬ್ಬ ವೈದ್ಯರು ಸುಲಭಕ್ಕೆ ಒಪ್ಪುವುದಿಲ್ಲ, ಒಪ್ಪಿದರೂ ಕೇಳುವ ಹಣ ಬಡವರ ಕೈಗೆಟುಕದು. ಆದರೆ ಎಲ್ಲ ಪ್ರಕರಣಕ್ಕೂ ತಜ್ಞರು ಬೇಕಿಲ್ಲ. ಮಲೇರಿಯಾಕ್ಕೆ ಟೈಫಾಯ್ಡ್ ಚಿಕಿತ್ಸೆ ಕೊಟ್ಟ ವಿ. ಕಿಶನ್ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಹೊಟ್ಟೆಯೊಳಗೆ ಬಟ್ಟೆ ಉಳಿಸಿ ಹೊಲಿಗೆ ಹಾಕಿದ್ದು, ತಪ್ಪು ಕಾಲಿಗೆ ಆಪರೇಷನ್ ಮಾಡಿದ್ದು ಇಂಥವು ತಾವೇ ಮಾತಾಡುತ್ತವೆ. ನಿರ್ಲಕ್ಷ್ಯದ ಮೇಲ್ನೋಟದ ಆಧಾರ ತೋರಿಸಿದರೆ, ಎಚ್ಚರ ವಹಿಸಿದ್ದೆವು ಎಂದು ಸಾಬೀತು ಮಾಡುವ ಹೊಣೆ ಆಸ್ಪತ್ರೆಯ ಮೇಲೆ ಬೀಳುತ್ತದೆ. 2004ರ ಸವಿತಾ ಗರ್ಗ್ ತೀರ್ಪು ಇದಕ್ಕೆ ಆಧಾರ. ಆಸ್ಪತ್ರೆಯೊಂದನ್ನೇ ಎದುರುದಾರರನ್ನಾಗಿ ಮಾಡಿದರೂ ಸಾಕು, ಚಿಕಿತ್ಸೆ ಕೊಟ್ಟ ಪ್ರತಿಯೊಬ್ಬ ವೈದ್ಯರ ಹೆಸರು ಗೊತ್ತಿಲ್ಲ ಎಂಬ ಕಾರಣಕ್ಕೆ ದೂರು ಬೀಳುವುದಿಲ್ಲ ಎಂದೂ ಅದೇ ತೀರ್ಪು ಹೇಳುತ್ತದೆ.

ತಜ್ಞರು ಬೇಕೇ ಬೇಕಾದ ಪ್ರಕರಣದಲ್ಲಿ, ಸರ್ಕಾರಿ ವೈದ್ಯಕೀಯ ಕಾಲೇಜಿನ ಸಂಬಂಧಪಟ್ಟ ವಿಭಾಗದಿಂದ ಅಥವಾ ವೈದ್ಯಕೀಯ ಮಂಡಳಿಯಿಂದ ಅಭಿಪ್ರಾಯ ತರಿಸಿಕೊಡಿ ಎಂದು ಆಯೋಗಕ್ಕೇ ಅರ್ಜಿ ಹಾಕಿ. ಮಂಡಳಿಗೆ ಕೇಳುವ ಪ್ರಶ್ನೆಗಳನ್ನು ನೀವೇ ಬರೆದುಕೊಡಿ. ‘ನಿರ್ಲಕ್ಷ್ಯ ಆಗಿದೆಯೇ?’ ಎಂದು ಕೇಳಿದರೆ ‘ಇಲ್ಲ’ ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ. ‘ರಾತ್ರಿ 2 ಗಂಟೆಗೆ ರಕ್ತದೊತ್ತಡ ಇಷ್ಟಕ್ಕೆ ಇಳಿದಾಗ ಮಾಡಬೇಕಾದ ಕ್ರಮಗಳೇನು, ದಾಖಲೆಯಲ್ಲಿ ಅವು ಕಾಣುತ್ತವೆಯೇ?’ ಎಂದು ಕೇಳಿದರೆ ತಪ್ಪಿಸಿಕೊಳ್ಳುವುದು ಕಷ್ಟ. ಎದುರು ಪಕ್ಷದ ವೈದ್ಯರನ್ನು ಪಾಟೀ ಸವಾಲಿಗೆ ಕರೆಸುವ ಬದಲು ಲಿಖಿತ ಪ್ರಶ್ನಾವಳಿ ಕೊಟ್ಟರೆ ಖರ್ಚೂ ದಿನಗಳೂ ಉಳಿಯುತ್ತವೆ, ಏಕೆಂದರೆ ಆಯೋಗ ಮುಖ್ಯವಾಗಿ ಅಫಿಡವಿಟ್ ಮತ್ತು ದಾಖಲೆಗಳ ಮೇಲೆಯೇ ತೀರ್ಮಾನಿಸುತ್ತದೆ.

ವಕೀಲರಿಲ್ಲದೆ ನೀವೇ ವಾದಿಸಬಹುದು, ಅಧಿಕಾರ ಪತ್ರ ಕೊಟ್ಟು ಸಂಬಂಧಿಕರನ್ನೂ ನಿಲ್ಲಿಸಬಹುದು. ವಕೀಲರನ್ನು ಹಿಡಿಯುವುದಾದರೆ ಒಂದು ಮಾತು. ‘ಗೆದ್ದರೆ ಇಷ್ಟು ಪಾಲು’ ಎಂಬ ಒಪ್ಪಂದ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ ನಿಷಿದ್ಧ. ಬೇರೆ ಕೆಲವು ದೇಶಗಳಲ್ಲಿ ಬಡ ರೋಗಿಯ ಪರ ವಕೀಲರು ಮುಂಗಡವಿಲ್ಲದೆ ನಿಲ್ಲುವುದು ಇಂಥ ಒಪ್ಪಂದದ ಬಲದಿಂದಲೇ, ಇಲ್ಲಿ ಆ ದಾರಿ ಇಲ್ಲ. ಎದುರಿಗಿರುವ ವೈದ್ಯರ ಖರ್ಚನ್ನಾದರೋ ಬಹಳ ಸಲ ಅವರ ವೃತ್ತಿ ವಿಮೆಯೇ ನೋಡಿಕೊಳ್ಳುತ್ತದೆ. ಈ ಅಸಮಾನತೆಯನ್ನು ತುಂಬಲೆಂದೇ ಕಾನೂನು ನೆರವು ಇರುವುದು.

ಉಚಿತ ಕಾನೂನು ನೆರವು ಯಾರಿಗೆ

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಇವರಿಗೆ ಆದಾಯದ ಮಿತಿಯೇ ಇಲ್ಲ. ಉಳಿದವರಿಗೆ ರಾಜ್ಯ ನಿಗದಿ ಮಾಡಿದ ವಾರ್ಷಿಕ ಆದಾಯ ಮಿತಿ ಇದೆ. ಗಂಡ ತೀರಿಕೊಂಡ ಪ್ರಕರಣದಲ್ಲಿ ವಾರಸುದಾರಳಾಗಿ ಹೆಂಡತಿ ದೂರುದಾರಳಾದರೆ ಆದಾಯದ ಪ್ರಶ್ನೆ ಬರುವುದಿಲ್ಲ. ಚಿಕಿತ್ಸೆಯಿಂದಲೇ ಅಂಗವೈಕಲ್ಯ ಬಂದಿದ್ದರೆ ಅದರ ಪ್ರಮಾಣಪತ್ರವೇ ಅರ್ಹತೆಯ ದಾಖಲೆ. ಈ ಕಾಯ್ದೆಯಲ್ಲಿ ‘ನ್ಯಾಯಾಲಯ’ ಎಂದರೆ ನ್ಯಾಯಮಂಡಳಿಗಳೂ ಸೇರುತ್ತವೆ, ಆದ್ದರಿಂದ ಗ್ರಾಹಕ ಆಯೋಗದ ಪ್ರಕರಣಕ್ಕೂ ನೆರವು ಸಿಗುತ್ತದೆ. ನೆರವು ಎಂದರೆ ವಕೀಲರಷ್ಟೇ ಅಲ್ಲ; ಕೋರ್ಟ್ ಶುಲ್ಕ, ನೋಟಿಸು ಜಾರಿಯ ಶುಲ್ಕ, ಟೈಪಿಂಗ್, ಪ್ರತಿಗಳು, ಸಾಕ್ಷಿಗಳ ಖರ್ಚನ್ನೂ ಕೇಳಬಹುದು. ಬಾಯಿಬಿಟ್ಟು ಕೇಳದಿದ್ದರೆ ಹೆಚ್ಚಾಗಿ ವಕೀಲರನ್ನಷ್ಟೇ ಕೊಟ್ಟು ಸುಮ್ಮನಾಗುತ್ತಾರೆ, ಅರ್ಜಿಯಲ್ಲಿ ಬಿಡಿಬಿಡಿಯಾಗಿ ಬರೆಯಿರಿ.

ಅರ್ಜಿ ಕೊಡಬೇಕಾದ ಜಾಗ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಅಥವಾ ತಾಲ್ಲೂಕು ಕೋರ್ಟಿನಲ್ಲಿರುವ ತಾಲ್ಲೂಕು ಸಮಿತಿ. ಸಹಾಯವಾಣಿ 15100. ಅರ್ಜಿ ತಿರಸ್ಕೃತವಾಗಲು ಒಂದು ಕಾರಣ, ಮೇಲ್ನೋಟಕ್ಕೆ ಪ್ರಕರಣದಲ್ಲಿ ಹುರುಳಿದೆ ಎಂದು ಪ್ರಾಧಿಕಾರಕ್ಕೆ ಮನವರಿಕೆ ಆಗದಿರುವುದು. ಬರಿಗೈಯಲ್ಲಿ ಹೋಗಿ ಕಷ್ಟ ಹೇಳಿಕೊಂಡರೆ ಅವರಿಗೂ ತೀರ್ಮಾನಿಸುವುದು ಕಷ್ಟ. ತಾರೀಖುವಾರು ಏನಾಯಿತು ಎಂಬ ಒಂದು ಪುಟದ ಪಟ್ಟಿ, ಕೇಸ್ ಶೀಟಿನ ಪ್ರತಿ, ಬಿಲ್ಲುಗಳು ಜೊತೆಗಿರಲಿ. ನೇಮಕವಾದ ವಕೀಲರು ಹಣ ಕೇಳಿದರೆ ಕೊಡಬೇಡಿ, ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಲಿಖಿತವಾಗಿ ತಿಳಿಸಿ. ಪ್ರಕರಣದ ಕಡೆ ಗಮನ ಕೊಡದಿದ್ದರೆ ಬೇರೆ ವಕೀಲರನ್ನು ಕೇಳಲೂಬಹುದು.

ಸಿವಿಲ್ ಕೋರ್ಟು: ಪಾಪರ್ ದಾವೆಯ ದಾರಿ

ಪೂರ್ತಿ ಉಚಿತ ಆಸ್ಪತ್ರೆಯ ರೋಗಿಗೆ ಉಳಿಯುವುದು ಸಿವಿಲ್ ದಾವೆ. ಇಲ್ಲಿ ಶುಲ್ಕ ಕೇಳುವ ಪರಿಹಾರದ ಮೇಲೆ, ಶೇಕಡಾವಾರು. ಕರ್ನಾಟಕದ 1958ರ ನ್ಯಾಯಾಲಯ ಶುಲ್ಕ ಕಾಯ್ದೆಯ ದರದಲ್ಲಿ 20 ಲಕ್ಷ ಕೇಳಿದರೆ ಶುಲ್ಕವೇ ಲಕ್ಷ ರೂಪಾಯಿಯ ಆಸುಪಾಸು. ಇದಕ್ಕೆ ಹೆದರಿ ಎಷ್ಟೋ ಮಂದಿ 20 ಲಕ್ಷದ ಹಾನಿಗೆ 2 ಲಕ್ಷ ಕೇಳುತ್ತಾರೆ. ಬಡತನ ಪರಿಹಾರವನ್ನೂ ಕುಗ್ಗಿಸುವುದು ಹೀಗೆ.

ಹಾಗೆ ಕುಗ್ಗಿಸಬೇಕಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಡಿ ನಿರ್ಗತಿಕ ವ್ಯಕ್ತಿಯಾಗಿ ದಾವೆ ಹೂಡಲು ಅನುಮತಿ ಕೇಳಬಹುದು. ಕೋರ್ಟಿನ ಮಾತಿನಲ್ಲಿ ಪಾಪರ್ ದಾವೆ. ಬೀದಿಪಾಲಾದವರಿಗೆ ಮಾತ್ರ ಎಂದು ತಿಳಿಯುವುದು ತಪ್ಪು, ಆ ದಾವೆಗೆ ಬೇಕಾದ ಶುಲ್ಕ ಕಟ್ಟುವಷ್ಟು ಆಸ್ತಿ ಇಲ್ಲದಿದ್ದರೆ ಸಾಕು. ಜಪ್ತಿಯಿಂದ ವಿನಾಯಿತಿ ಇರುವ ವಸ್ತುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧಾರ್ಮಿಕ ರೂಢಿಯಂತೆ ಹೆಣ್ಣು ತೆಗೆದಿಡಲಾಗದ ಒಡವೆ, ಕಸುಬಿನ ಸಲಕರಣೆ, ರೈತನ ಉಳುಮೆ ಸಾಮಾನು, ಕೃಷಿಗೆ ಬೇಕಾದ ಜಾನುವಾರು, ರೈತನ ವಾಸದ ಮನೆ. ತಾಳಿ ಇದೆ, ಎತ್ತು ಇದೆ ಎಂದು ಹಿಂಜರಿಯಬೇಕಾಗಿಲ್ಲ.

ಅರ್ಜಿಯಲ್ಲಿ ದಾವೆಯ ಪೂರ್ಣ ವಿವರದ ಜೊತೆ ನಿಮ್ಮ ಎಲ್ಲ ಆಸ್ತಿಯ ಪಟ್ಟಿ, ಅಂದಾಜು ಬೆಲೆ ಇರಬೇಕು. ಸಾಮಾನ್ಯವಾಗಿ ಅರ್ಜಿದಾರರೇ ಖುದ್ದು ಸಲ್ಲಿಸಬೇಕು. ಕೋರ್ಟು ವಿಚಾರಣೆ ಮಾಡಿ, ಎದುರು ಪಕ್ಷಕ್ಕೂ ಸರ್ಕಾರಿ ವಕೀಲರಿಗೂ ನೋಟಿಸು ಕೊಟ್ಟು ತೀರ್ಮಾನಿಸುತ್ತದೆ. ಅರ್ಜಿ ಬೀಳುವುದು ಹೆಚ್ಚಾಗಿ ಮುಚ್ಚಿಟ್ಟದ್ದರಿಂದ. ಹೆಸರಿನಲ್ಲಿರುವ ನಿವೇಶನ, ಮರೆತ ಠೇವಣಿ ಯಾವುದನ್ನೂ ಬಿಡಬೇಡಿ, ಸಣ್ಣದಾದರೂ ಬರೆಯಿರಿ. ಅರ್ಜಿಗೆ ಮುಂಚಿನ 2 ತಿಂಗಳೊಳಗೆ ಬಡವರೆನಿಸಿಕೊಳ್ಳಲೆಂದು ಆಸ್ತಿಯನ್ನು ಮೋಸದಿಂದ ಬೇರೆಯವರ ಹೆಸರಿಗೆ ಮಾಡಿದ್ದರೂ ತಿರಸ್ಕಾರ. ಇನ್ನೊಂದು ಗುಂಡಿಯನ್ನು ಹಳ್ಳಿಯ ಮಧ್ಯವರ್ತಿಗಳು ತೋಡುತ್ತಾರೆ: ‘ಖರ್ಚು ನಾನು ಹಾಕುತ್ತೇನೆ, ಬಂದದ್ದರಲ್ಲಿ ಪಾಲು ಕೊಡು’. ಇಂಥ ಒಪ್ಪಂದ ಇದ್ದರೆ ಅದೊಂದೇ ಕಾರಣಕ್ಕೆ ಅನುಮತಿ ಸಿಗುವುದಿಲ್ಲ, ಸಿಕ್ಕಿದ್ದರೂ ರದ್ದಾಗಬಹುದು.

ಅನುಮತಿ ಸಿಕ್ಕರೆ ಕೋರ್ಟ್ ಶುಲ್ಕವೂ ನೋಟಿಸು ಜಾರಿಯ ಶುಲ್ಕವೂ ಇಲ್ಲ, ವಕೀಲರಿಲ್ಲದಿದ್ದರೆ ಕೋರ್ಟೇ ನೇಮಿಸಬಹುದು. ಆದರೆ ಇದು ಮನ್ನಾ ಅಲ್ಲ, ಮುಂದೂಡಿಕೆ. ಗೆದ್ದರೆ ಶುಲ್ಕವನ್ನು ಸರ್ಕಾರ ತೀರ್ಪಿನ ಹಣದ ಮೇಲೆ ಮೊದಲ ಹಕ್ಕಾಗಿ ವಸೂಲಿ ಮಾಡುತ್ತದೆ, ಸೋತರೆ ನಿಮ್ಮನ್ನೇ ಕೇಳಬಹುದು. ಸೋತವರು ಎದುರು ಪಕ್ಷದ ಖರ್ಚು ಕೊಡಬೇಕೆಂದು ಆದೇಶಿಸುವ ಅಧಿಕಾರವೂ ಸಿವಿಲ್ ಕೋರ್ಟಿಗಿದೆ. ದಾವೆ ಹೂಡುವ ಮೊದಲು ಇದನ್ನು ಮನೆಯವರೆಲ್ಲ ತಿಳಿದಿರಬೇಕು.

ಸರ್ಕಾರದ ವಿರುದ್ಧ ದಾವೆಗೆ ಮುಂಚೆ ಸಂಹಿತೆಯ 80ನೇ ಕಲಂ ಪ್ರಕಾರ ಲಿಖಿತ ನೋಟಿಸು ಕೊಟ್ಟು 2 ತಿಂಗಳು ಕಾಯಬೇಕು. ನೋಟಿಸಿಲ್ಲದೆ ಹೂಡಿದ ದಾವೆ ಆರಂಭದಲ್ಲೇ ಬೀಳಬಹುದು. ಕಾದ ಆ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಕಳೆಯುತ್ತಾರೆ. ಪಾಪರ್ ಅರ್ಜಿ ಎಷ್ಟು ತಿಂಗಳು ಎಳೆದರೂ ಅದು ಮಂಜೂರಾದರೆ, ಅರ್ಜಿ ಕೊಟ್ಟ ದಿನವೇ ದಾವೆ ಹೂಡಿದ ದಿನ.

ಉಳಿದ ಕಡೆಗಳು

ಕಾನೂನು ಸೇವಾ ಕಾಯ್ದೆಯಡಿಯ ಖಾಯಂ ಜನತಾ ನ್ಯಾಯಾಲಯದಲ್ಲಿ ಆಸ್ಪತ್ರೆ ಸೇವೆಯ ವಿವಾದವನ್ನು 1 ಕೋಟಿ ರೂಪಾಯಿವರೆಗೆ ಶುಲ್ಕವಿಲ್ಲದೆ ಒಯ್ಯಬಹುದು. ರಾಜಿ ಮುರಿದುಬಿದ್ದರೆ ತಾನೇ ತೀರ್ಪು ಕೊಡುವ ಅಧಿಕಾರವೂ ಅದಕ್ಕಿದೆ. ಬೇರೆ ಕೋರ್ಟಿಗೆ ಹೋಗುವ ಮುಂಚೆಯೇ ಇಲ್ಲಿಗೆ ಬರಬೇಕು, ಮತ್ತು ಅದರ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ, ಹೈಕೋರ್ಟಿನಲ್ಲಿ ರಿಟ್ ಮಾತ್ರ. ಕಾನೂನು ರಾಜಿಗೆ ಬಿಡದ ಅಪರಾಧಕ್ಕೆ ಸಂಬಂಧಿಸಿದ ವಿವಾದ ಇದರ ವ್ಯಾಪ್ತಿಗೆ ಬರುವುದಿಲ್ಲ, ನಿರ್ಲಕ್ಷ್ಯದಿಂದಾದ ಸಾವು ಅಂಥ ಅಪರಾಧವಾದ್ದರಿಂದ ಸಾವಿನ ಪ್ರಕರಣಗಳಲ್ಲಿ ಆಸ್ಪತ್ರೆ ತಕರಾರು ತೆಗೆಯಬಹುದು. ಗಾಯ, ಹೆಚ್ಚುವರಿ ಖರ್ಚಿನಂಥ ವಿಷಯಕ್ಕೆ ಇದು ಒಳ್ಳೆಯ ಜಾಗ.

ಕರ್ನಾಟಕ ವೈದ್ಯಕೀಯ ಪರಿಷತ್ತು ವೈದ್ಯರ ನೋಂದಣಿಯ ಮೇಲೆ ಕ್ರಮ ಕೈಗೊಳ್ಳಬಹುದು, ಪರಿಹಾರ ಕೊಡಿಸಲಾರದು. ಪೊಲೀಸ್ ದೂರಿಗೆ ಖರ್ಚಿಲ್ಲ, ಆದರೆ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ನಂತರ ಅತಿರೇಕದ ನಿರ್ಲಕ್ಷ್ಯ ಇದ್ದರೆ ಮಾತ್ರ ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ನಿಲ್ಲುತ್ತದೆ. ಪರಿಹಾರವೇ ಬೇಕಾದವರು ಇವೆರಡರಲ್ಲೇ ವರ್ಷ ಕಳೆದರೆ ಗ್ರಾಹಕ ಆಯೋಗದ ಅವಧಿ ಮುಗಿದುಹೋಗುತ್ತದೆ.

ಆ ಅವಧಿ 2 ವರ್ಷ. ಹಾನಿ ತಡವಾಗಿ ಗೊತ್ತಾದರೆ ಗೊತ್ತಾದ ದಿನದಿಂದ ಎಣಿಸಬೇಕೆಂದು ವಾದಿಸಬಹುದು. ಆದರೆ ವರ್ಷಗಟ್ಟಲೆ ನೋವಿದ್ದೂ ವೈದ್ಯರಿಗೆ ತೋರಿಸಿಕೊಳ್ಳದೆ ಕಾದವರ ವಾದವನ್ನು ಸುಪ್ರೀಂ ಕೋರ್ಟು 2010ರಲ್ಲಿ ಒಪ್ಪಲಿಲ್ಲ. ತಡವಾಗಿದ್ದರೆ ಮನ್ನಿಸಲು ಕಾರಣ ಸಹಿತ ಪ್ರತ್ಯೇಕ ಅರ್ಜಿ ಬೇಕು. ಬಡತನ ಎಂದಷ್ಟೇ ಬರೆದರೆ ಸಾಲದು. ಯಾವ ತಿಂಗಳು ಯಾವ ಆಸ್ಪತ್ರೆಯಲ್ಲಿದ್ದಿರಿ, ದಾಖಲೆ ಎಂದು ಕೇಳಿದಿರಿ, ಎಂದು ಸಿಕ್ಕಿತು ಎಂದು ತಾರೀಖು ಸಮೇತ ಬರೆಯಬೇಕು.

ದೂರು ದಾಖಲಾಗಿ ನೋಟಿಸು ತಲುಪಿದ ಮೇಲೆ ಆಸ್ಪತ್ರೆ 30 ದಿನದಲ್ಲಿ, ಹೆಚ್ಚೆಂದರೆ ಇನ್ನೂ 15 ದಿನ ಪಡೆದು ಉತ್ತರ ಕೊಡಬೇಕು. 45 ದಿನ ದಾಟಿದರೆ ಅವಕಾಶವಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ನೋಟಿಸು ತಲುಪಿದ ತಾರೀಖನ್ನು ಬರೆದಿಟ್ಟುಕೊಂಡು ಇದನ್ನು ನೆನಪಿಸುವವರು ನೀವೇ. ದೂರುಗಳು 3ರಿಂದ 5 ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ, ವಾಸ್ತವ ಬೇರೆ. 1998ರಲ್ಲಿ ಕೋಲ್ಕತ್ತದಲ್ಲಿ ನಡೆದ ತಪ್ಪು ಚಿಕಿತ್ಸೆಗೆ ಸುಪ್ರೀಂ ಕೋರ್ಟಿನ ಕೊನೆಯ ಪರಿಹಾರ ಆದೇಶ ಬಂದದ್ದು 2013ರಲ್ಲಿ.

ಗೆದ್ದ ಮೇಲಿನ ಖರ್ಚನ್ನೂ ಯೋಚಿಸಬೇಕು. ಜಿಲ್ಲಾ ಆಯೋಗದ ಆದೇಶದ ಮೇಲೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಹಣ ಕೊಡಬೇಕಾದ ಆಸ್ಪತ್ರೆ ಆದೇಶದ ಮೊತ್ತದ ಅರ್ಧವನ್ನು ಮೊದಲೇ ಠೇವಣಿ ಇಡಬೇಕು. ಆ ಠೇವಣಿಯಿಂದ ಒಂದಷ್ಟನ್ನು ಬಿಡುಗಡೆ ಮಾಡಲು ಅರ್ಜಿ ಹಾಕಬಹುದು. ಚಿಕಿತ್ಸೆ ಮುಂದುವರಿದಿದ್ದರೆ ಅದರ ಬಿಲ್ಲುಗಳನ್ನು ಲಗತ್ತಿಸಿ. ಮೇಲ್ಮನವಿಯಲ್ಲಿ ನಿಮ್ಮ ಪರ ನಿಲ್ಲುವ ವಕೀಲರಿಗಾಗಿ ಕಾನೂನು ನೆರವನ್ನು ಹೊಸದಾಗಿ ಕೇಳಬೇಕು. ಮೇಲ್ಮನವಿಯೂ ಇಲ್ಲದೆ, ಹಣವೂ ಬಾರದೆ ಇದ್ದರೆ ಆದೇಶ ಕೊಟ್ಟ ಆಯೋಗದಲ್ಲೇ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ ಕಾಯ್ದೆಯ 72ನೇ ಕಲಂ ಪ್ರಕಾರ 1 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, ಅಥವಾ 25,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.